ಅರವತ್ತೊಂದು ತಟ್ಟೆಗಳ ಹಾಜರಿ

2023ರ ಅಕ್ಟೋಬರಿನಲ್ಲಿ ನಾನು ಸ್ಯಾನ್ ಫ್ರಾನ್ಸಿಸ್ಕೋದ ಒಂದು ಸಣ್ಣ ಸಂಸ್ಥೆಯಲ್ಲಿ ಕಂಡಿಷನ್ ರಿಪೋರ್ಟ್ ಬರೆಯುವ ಕೆಲಸದಲ್ಲಿದ್ದೆ. ಹಳೆಯ ವಸ್ತುವೊಂದು ಮನೆಯಿಂದ ಗೋದಾಮಿಗೋ ಪ್ರದರ್ಶನಕ್ಕೋ ಹೊರಡುವ ಮುಂಚೆ ಅದರ ಬಿರುಕು, ಚಕ್ಕೆ, ಕಲೆ, ಹಳೆಯ ರಿಪೇರಿ ಎಲ್ಲವನ್ನೂ ನೋಡಿ ಬರೆದು ಸಹಿ ಮಾಡುವ ದಾಖಲೆಗೆ ಆ ಹೆಸರು. ಆಗ ನನಗೆ ಇಪ್ಪತ್ತಾರು ವರ್ಷ, ಕೆಲಸಕ್ಕೆ ಸೇರಿ ಮೂರು ವರ್ಷ. ದಿನಚರಿ ಬರೆಯುವ ಅಭ್ಯಾಸ ಅದಕ್ಕಿಂತ ಹಳೆಯದು. ಧಾರವಾಡದ ಹೈಸ್ಕೂಲಿನಲ್ಲಿದ್ದಾಗ ಎಷ್ಟು ಬಸ್ಸು ತಪ್ಪಿತು, ಎಷ್ಟು ಪೆನ್ನು ಕಳೆಯಿತು ಎಂದು ಎಣಿಸಿ ಬರೆಯುತ್ತಿದ್ದವಳು ನಾನು. ಇಲ್ಲಿನ ದಿನಾಂಕಗಳೂ ಲೆಕ್ಕಗಳೂ ಆ ವರ್ಷದ ನೀಲಿ ರಟ್ಟಿನ ಪುಸ್ತಕದವು.

ಅಕ್ಟೋಬರ್ 5ರಂದು ಅಶ್ವಿನಿ ಎಂಬಾಕೆ ಫೋನ್ ಮಾಡಿದಳು. ಇಲ್ಲೇ ಹುಟ್ಟಿ ಬೆಳೆದವಳು. ಅವಳ ತಾಯಿ ವಾರಿಜಾ ಮಂಗಳೂರು ಕಡೆಯವರು. ಸ್ಯಾನ್ ಮಟಿಯೋದಲ್ಲಿ, ರೈಲು ಹಳಿಗೆ ಎರಡು ಬ್ಲಾಕ್ ಆಚೆಯ ಅಪಾರ್ಟ್‌ಮೆಂಟಿನಲ್ಲಿ ಇಪ್ಪತ್ತೆರಡು ವರ್ಷ ಡೇಕೇರ್ ನಡೆಸಿದವರು, ಆಗ ಅವರಿಗೆ ಎಪ್ಪತ್ತೆರಡು ವರ್ಷ. ಆಗಸ್ಟಿನಲ್ಲಿ ಸಣ್ಣದೊಂದು ಸ್ಟ್ರೋಕ್ ಆಗಿ ಅವರ ಎಡಗೈ ನಡುಗುತ್ತಿತ್ತು. ಅವರ ಬಳಿ ಅರವತ್ತೊಂದು ಹಳೆಯ ಪಿಂಗಾಣಿ ತಟ್ಟೆಗಳಿದ್ದವು. ಡೇಕೇರಿಗೆ ಬರುತ್ತಿದ್ದ ಮಗುವೊಂದರ ಅಜ್ಜಿ ಊರು ಬಿಡುವಾಗ ಕೊಟ್ಟು ಹೋದದ್ದು.

"ಅಮ್ಮ ಈಸ್ ಸೀಯಿಂಗ್ ಥಿಂಗ್ಸ್. ತಟ್ಟೆಗಳು ಕಣ್ಣು ಬಿಡ್ತಾ ಇವೆ ಅಂತಾರೆ. ಲೈಕ್, ಲಿಟರಲಿ. ಇವತ್ತು ಒಂದು, ನಾಳೆ ಇನ್ನೊಂದು," ಎಂದಳು ಅಶ್ವಿನಿ. "ನಾನು ಮೇಲಿಂದ ನಾಕು ತೆಗೆದು ನೋಡಿದೆ. ನಥಿಂಗ್."

ಅವಳಿಗೆ ಎರಡು ಕೆಲಸ ಆಗಬೇಕಿತ್ತು. ತಟ್ಟೆಗಳನ್ನು ಪರೀಕ್ಷಿಸಿ, ಪ್ಯಾಕ್ ಮಾಡಿ ಗೋದಾಮಿಗೆ ಸಾಗಿಸುವುದು ಮೊದಲನೆಯದು. ಎರಡನೆಯದು ವರದಿಯಲ್ಲಿ ಒಂದು ವಾಕ್ಯ: ಕಣ್ಣು ಇವೆಯೋ ಇಲ್ಲವೋ. ಅಕ್ಟೋಬರ್ 27ರಂದು ಪಾಲೋ ಆಲ್ಟೋದಲ್ಲಿ ನರರೋಗ ತಜ್ಞರ ಅಪಾಯಿಂಟ್‌ಮೆಂಟ್ ಇತ್ತು. ಆ ವಾಕ್ಯ ವೈದ್ಯರ ಫೈಲಿಗೆ ಹೋಗುತ್ತದೆ. ಅಮ್ಮ ಇಲ್ಲದ್ದನ್ನು ಕಾಣುತ್ತಿರುವುದು ನಿಜವಾದರೆ ಅವರನ್ನು ಮೆಮೊರಿ ಕೇರ್‌ಗೆ, ಅಂದರೆ ಮರೆವಿನ ರೋಗಿಗಳನ್ನು ಹೊರಗೆ ಹೋಗಲು ಬಿಡದೆ ನೋಡಿಕೊಳ್ಳುವ ನಿವಾಸಕ್ಕೆ, ಸೇರಿಸಬೇಕಾಗುತ್ತದೆ. ಅಲ್ಲಿ ಕೋಣೆಯನ್ನೂ ಕಾದಿರಿಸಿ ಆಗಿತ್ತು.

ಅಕ್ಟೋಬರ್ 9, ಸೋಮವಾರ, ಬೆಳಿಗ್ಗೆ ಹತ್ತಕ್ಕೆ ನಾನು ಹೋದೆ. ಬಾಗಿಲು ತೆರೆದವರೇ ವಾರಿಜಾ ಆಂಟಿ ನನ್ನ ಉಪಕರಣಗಳ ಪೆಟ್ಟಿಗೆ ನೋಡಿದರು.

"ಎಂತ ಮಾರಾಯ್ತಿ, ಆಪರೇಶನ್ ಮಾಡ್ಲಿಕ್ಕೆ ಬಂದದ್ದಾ? ಪೇಷಂಟ್ ನಾನಾ, ತಟ್ಟೆಯಾ?"

"ತಟ್ಟೆ ರೀ ಆಂಟಿ," ಎಂದೆ.

"ಹಾಗಾದ್ರೆ ಒಳಗೆ ಬಾ. ನಂದಾದ್ರೆ ಇಪ್ಪತ್ತೇಳಕ್ಕೆ ಉಂಟು."

ಅವರಿಗೆ ಎಲ್ಲವೂ ಗೊತ್ತಿತ್ತು.

ತಟ್ಟೆಗಳು ಊಟದ ಕೋಣೆಯ ಗಾಜಿನ ಕಪಾಟಿನಲ್ಲಿದ್ದವು. ಹದಿನೆಂಟನೆಯ ಶತಮಾನದ ಚೀನಾದವು. ಆ ಕಾಲದ ಯುರೋಪಿನ ಶ್ರೀಮಂತ ಮನೆತನಗಳು ತಮ್ಮ ವಂಶಲಾಂಛನದ ಚಿತ್ರವನ್ನು ಕಾಗದದ ಮೇಲೆ ಬರೆಸಿ ವ್ಯಾಪಾರದ ಹಡಗಿನಲ್ಲಿ ಕಳಿಸುತ್ತಿದ್ದವು. ಒಳನಾಡಿನ ಜಿಂಗ್‌ಡೆಜೆನ್ ಊರಿನಲ್ಲಿ ಸುಟ್ಟ ಬಿಳಿ ತಟ್ಟೆ ಕ್ಯಾಂಟನ್ ಬಂದರಿಗೆ ಬರುತ್ತಿತ್ತು. ಅಲ್ಲಿನ ಚಿತ್ರಗಾರ ಆ ಕಾಗದ ನೋಡಿ ಎನಾಮಲ್ ಬಣ್ಣದಲ್ಲಿ ಲಾಂಛನ ಬಿಡಿಸಿ ಇನ್ನೊಮ್ಮೆ ಸುಡಿಸುತ್ತಿದ್ದ. ಆರ್ಡರ್ ಕೊಟ್ಟವನ ಕೈಗೆ ತಟ್ಟೆ ಸೇರಲು ಒಂದೆರಡು ವರ್ಷವಾದರೂ ಬೇಕಿತ್ತು. ಬರೆದವನು ಆ ಮನೆತನವನ್ನು ಕಂಡವನಲ್ಲ. ಉಂಡವನು ಬರೆದವನನ್ನು ಕಂಡವನಲ್ಲ.

ಈ ತಟ್ಟೆಗಳ ನಡುವೆ ನೀಲಿ ಗುರಾಣಿ, ಅದರಲ್ಲಿ ಮೂರು ಕಪ್ಪೆಚಿಪ್ಪು, ಗುರಾಣಿಯ ಮೇಲೆ ಒಂದು ಶಿರಸ್ತ್ರಾಣ. ಮುಖದ ಜಾಗದಲ್ಲಿ ಐದು ಚಿನ್ನದ ಸರಳುಗಳು. ಸರಳುಗಳ ಹಿಂದೆ ಕಪ್ಪು. ಲಾಂಛನದ ಶಿರಸ್ತ್ರಾಣ ಯಾವಾಗಲೂ ಖಾಲಿ. ಅದು ಪದವಿಯ ಗುರುತು, ಒಳಗೆ ಮನುಷ್ಯನಿರುವುದಿಲ್ಲ.

ಕಪಾಟಿನ ಮೇಲಿನ ಎಡ ಮೂಲೆಯಿಂದ ಶುರುಮಾಡಿ ಕೆಳಗಿನ ಬಲ ಮೂಲೆಯವರೆಗೆ ಒಂದೊಂದು ತಟ್ಟೆಯ ಮೇಲೂ ಸಂಖ್ಯೆಯ ಚೀಟಿ ಇಟ್ಟೆ. 1ರಿಂದ 20ರವರೆಗೆ ಭೂತಗನ್ನಡಿ ಹಿಡಿದು ನೋಡಿದೆ, ಫೋಟೋ ತೆಗೆದೆ. ಇಪ್ಪತ್ತೂ ಒಂದೇ ಥರ. ಶಿರಸ್ತ್ರಾಣ ಖಾಲಿ, ಸರಳುಗಳ ಹಿಂದೆ ಕಪ್ಪು. ಆಗ ಗಂಟೆ ಎರಡೂಕಾಲು. ಉಳಿದ ನಲವತ್ತೊಂದನ್ನು ಅಂಚಿನ ಸುತ್ತ ಬೆರಳಾಡಿಸಿ ಚಕ್ಕೆ ಎದ್ದಿದೆಯೇ ನೋಡಿದೆ. ಬೆರಳ ಗೆಣ್ಣಿನಿಂದ ತಟ್ಟಿ ಕೇಳಿದೆ. ಬಿರುಕಿಲ್ಲದ ಪಿಂಗಾಣಿ ಟಣ್ ಎನ್ನುತ್ತದೆ, ಬಿರುಕಿದ್ದರೆ ಮಂಕಾಗಿ ಟಕ್ ಎನ್ನುತ್ತದೆ. ನಲವತ್ತೊಂದೂ ಟಣ್ ಎಂದವು. ಆಮೇಲೆ ಲ್ಯಾಪ್‌ಟಾಪಿನ ಸ್ಪ್ರೆಡ್‌ಶೀಟ್ ಪಟ್ಟಿಯಲ್ಲಿ ಇಪ್ಪತ್ತನೆಯ ಸಾಲಿನ ಮೂಲೆ ಹಿಡಿದು ಕೆಳಗೆಳೆದೆ. "ಶಿರಸ್ತ್ರಾಣ ಖಾಲಿ, ಕಣ್ಣಿನ ಚಿತ್ರವಿಲ್ಲ" ಎಂಬುದು ಒಂದೇ ಎಳೆತಕ್ಕೆ ನಲವತ್ತೊಂದು ಸಾಲುಗಳಲ್ಲಿ ತುಂಬಿಕೊಂಡಿತು.

ಅಷ್ಟು ಹೊತ್ತೂ ಆಂಟಿ ಕುರ್ಚಿಯಲ್ಲಿ ಕೂತು ನನ್ನ ಮುಖವನ್ನೇ ನೋಡುತ್ತಿದ್ದರು, ತಟ್ಟೆಗಳನ್ನಲ್ಲ. ನಾನು ಪೆಟ್ಟಿಗೆ ಮುಚ್ಚುವಾಗ ಕೇಳಿದರು:

"ಎಲ್ಲ ನೋಡಿದಿಯಾ?"

"ಎಲ್ಲಾ ನೋಡೀನ್ರಿ ಆಂಟಿ."

"ಒಂದೊಂದೂ?"

"ಒಂದೊಂದೂ."

ಅವರು ಎದ್ದು ಹೋಗಿ ಕಪಾಟಿನ ಬಾಗಿಲನ್ನು ಬಲು ಮೆಲ್ಲಗೆ ಮುಚ್ಚಿದರು. ಆಮೇಲೆ ನಾನು ಹೊರಡುವವರೆಗೆ ಒಂದು ತಮಾಷೆಯ ಮಾತೂ ಬರಲಿಲ್ಲ. ಅದನ್ನೂ ಆ ದಿನ ಬರೆದಿದ್ದೇನೆ: "ಆಂಟಿ ಸುಸ್ತಾದಂತಿತ್ತು." ವರದಿ 11ರಂದು ಅಶ್ವಿನಿಗೆ ಹೋಯಿತು, ಅಂದೇ ವೈದ್ಯರಿಗೂ ಹೋಯಿತು.

ಅಕ್ಟೋಬರ್ 16, ಸೋಮವಾರ. ಪ್ಯಾಕಿಂಗ್ ಕಾಗದ, ಡಬ್ಬಗಳೊಂದಿಗೆ ಮತ್ತೆ ಹತ್ತಕ್ಕೆ ಹೋದೆ. ಕಪಾಟಿನ ಮೇಲಿನ ಎಡ ಮೂಲೆಯಲ್ಲಿ ಇದ್ದದ್ದು 7ನೆಯ ಚೀಟಿ.

ಅಲ್ಲಿ 1 ಇರಬೇಕಿತ್ತು. ಹುಡುಕಿದೆ. ಕೆಳಗಿನ ಬಲ ಮೂಲೆಯಲ್ಲಿ 61ರ ಮೇಲೆ 1, 2, 3, 4, 5, 6, ಚೀಟಿಗಳ ಸಮೇತ, ಸಾಲು ತಪ್ಪದೆ.

"ಆಂಟಿ, ಇವನ್ನು ಯಾರು ಸರಿಸಿದ್ರು?"

ಅಡುಗೆಮನೆಯಿಂದ ಅವರ ದನಿ ಮಾತ್ರ ಬಂತು. "ಸರದಿ ಬಂದದ್ದು ಹೋಗ್ತದೆ."

ಮೇಲಿದ್ದ 6ನೆಯ ತಟ್ಟೆಯನ್ನು ಎರಡು ಕೈಯಲ್ಲಿ ಎತ್ತಿ ಕಿಟಕಿಯ ಕಡೆ ತಿರುಗಿಸಿದೆ. ಚಿನ್ನದ ಸರಳುಗಳ ಹಿಂದಿನಿಂದ ಯಾರೋ ನನ್ನನ್ನು ನೋಡುತ್ತಿದ್ದರು.

ಎರಡು ಕಣ್ಣುಗಳು. ಒಂದೊಂದೂ ಅಕ್ಕಿಕಾಳಿಗಿಂತ ಚಿಕ್ಕದು. ಬಿಳಿಯ ಒಂದು ಎಳೆ, ಅದರಲ್ಲಿ ಕಂದು ಚುಕ್ಕೆ, ಮೇಲೆ ರೆಪ್ಪೆಯ ಗೆರೆ. ಮೇಜಿಗೆ ಕೂತು ಊಟ ಮಾಡುವವನನ್ನು ನೇರವಾಗಿ, ಸ್ವಲ್ಪ ಕೆಳಗಿನಿಂದ ನೋಡುವಂಥ ಕಣ್ಣು. ಫೋನಿನಲ್ಲಿ 9ರಂದು ತೆಗೆದ ಫೋಟೋ ತೆರೆದೆ. ಅದೇ 6ನೆಯ ತಟ್ಟೆ, ಅಂಚಿನಲ್ಲಿ ಅದೇ ಸೂಜಿಮೊನೆಯಷ್ಟು ಕಂದು ಕಲೆ. ಫೋಟೋದಲ್ಲಿ ಶಿರಸ್ತ್ರಾಣ ಖಾಲಿ. ಕೈಯಲ್ಲಿದ್ದದ್ದರಲ್ಲಿ ಕಣ್ಣು.

5ನೆಯದನ್ನು ಎತ್ತಿದೆ. ಅದರಲ್ಲೂ ಇದ್ದವು. ಆದರೆ ಅವು ಬೇರೆ ಕಣ್ಣು, ಇನ್ನೂ ವಯಸ್ಸಾದವನದು, ಕೆಳಗೆ ಒಂದು ಸುಕ್ಕು. 4ನೆಯವನಿಗೆ ಮಾಲುಗಣ್ಣು. 61ರಲ್ಲೂ ಇತ್ತು, 60ರಲ್ಲೂ. ಹೀಗೆ ಹಿಂದಕ್ಕೆ ಹೋಗುತ್ತ ಹೋಗುತ್ತ 53ರಲ್ಲಿ ನಿಂತಿತು. 52ರಿಂದ 7ರವರೆಗೆ ಎಲ್ಲ ಖಾಲಿ. 53ರಿಂದ 61, ಒಂಬತ್ತು. 1ರಿಂದ 6, ಆರು. ಒಟ್ಟು ಹದಿನೈದು. ಆ ಒಂಬತ್ತು ಸಾಲುಗಳನ್ನು ನಾನು ಎಳೆದು ತುಂಬಿದ್ದೆ. ಆದರೆ ಈ ಆರನ್ನು ಕಣ್ಣಾರೆ ಕಂಡು ಬರೆದಿದ್ದೆ. ಮೊದಲ ಭೇಟಿಯಿಂದ ಕಳೆದದ್ದು ಏಳು ದಿನ, ತೆರೆದದ್ದು ಆರು ಜೊತೆ.

ಬೆಳಿಗ್ಗೆ ಹನ್ನೊಂದರ ಬಿಸಿಲು ಕೋಣೆಯ ತುಂಬ ಇತ್ತು. ಹಳಿಯ ಮೇಲೆ ರೈಲು ಹೋಯಿತು. ಕಪಾಟಿನೊಳಗೆ ಅರವತ್ತು ತಟ್ಟೆಗಳು ಒಟ್ಟಿಗೆ, ಕಿವಿಗೆ ಬಿತ್ತೋ ಇಲ್ಲವೋ ಎಂಬಷ್ಟು ಮೆಲ್ಲಗೆ ಟಿಣಿಟಿಣಿಗುಟ್ಟಿದವು.

ತಿರುಗಿ ನೋಡಿದರೆ ಆಂಟಿ ಬಾಗಿಲಲ್ಲಿ ನಿಂತಿದ್ದರು. ನಡುಗುವ ಎಡಗೈಯನ್ನು ಬಲಗೈಯಲ್ಲಿ ಹಿಡಿದುಕೊಂಡಿದ್ದರು.

"ನಿಂಗೂ ಕಾಣ್ತದಾ?" ಎಂದು ಕೇಳಿದರು.

ಈ ಬರಹದಲ್ಲಿ ನನಗೆ ಬರೆಯಲು ಕಷ್ಟವಾದ ಜಾಗ ಇದು. ಹೌದು ಎಂದರೆ ನನ್ನ ಸಹಿಯ ವರದಿ ಸುಳ್ಳು. ಇಲ್ಲ ಎನ್ನಲು ಬಾಯಿ ಬರಲಿಲ್ಲ. "ಬೆಳಕು ಸರಿ ಇಲ್ರಿ ಆಂಟಿ. ಇನ್ನೊಮ್ಮೆ ಬರ್ತೀನಿ," ಎಂದು ತಟ್ಟೆಗಳನ್ನು ಇದ್ದಲ್ಲೇ ಇಟ್ಟು, ಡಬ್ಬಗಳನ್ನೂ ಬಿಟ್ಟು ಹೊರಟುಬಿಟ್ಟೆ. ಇನ್ನೂ ಹನ್ನೆರಡು ಆಗಿರಲಿಲ್ಲ.

ಎರಡು ದಿನ ಯಾರಿಗೂ ಹೇಳಲಿಲ್ಲ. ಫೋಟೋಗಳನ್ನು ಎಷ್ಟು ದೊಡ್ಡದು ಮಾಡಿ ನೋಡಿದರೂ ಸರಳುಗಳ ಹಿಂದೆ ಕಪ್ಪೇ ಇತ್ತು. ಆದರೆ 18ರಂದು ಸಂಜೆ ಒಂದು ವಿಷಯ ಗಮನಕ್ಕೆ ಬಂತು. ಆ ಕಪ್ಪು ಮಂಕಾಗಿತ್ತು. ಸುಟ್ಟ ಎನಾಮಲ್ ಬಣ್ಣ ಗಾಜಿನಂತೆ ಹೊಳೆಯಬೇಕು, ಇದು ಹೊಳೆಯುತ್ತಿರಲಿಲ್ಲ. ನಮ್ಮ ಕೆಲಸದಲ್ಲಿ ಓವರ್‌ಪೇಂಟ್ ಎಂದು ಒಂದಿದೆ. ಮೂಲ ಚಿತ್ರದ ಮೇಲೆ, ಎಷ್ಟೋ ವರ್ಷಗಳ ನಂತರ, ಸುಡದೆ ಬರೀ ಎಣ್ಣೆಬಣ್ಣದಲ್ಲಿ ಬಳಿದ ಪದರ. ಅದನ್ನು ಪತ್ತೆ ಮಾಡಲು ನೇರಳಾತೀತ ದೀಪ, ಅಂದರೆ ಯುವಿ ಲ್ಯಾಂಪ್ ಬೇಕು. ಮೊದಲ ದಿನ ಅದು ನನ್ನ ಪೆಟ್ಟಿಗೆಯಲ್ಲೇ ಇತ್ತು. ತೆಗೆದಿರಲಿಲ್ಲ.

19ರಂದು, ಗುರುವಾರ, ಹೇಳದೆ ಹೋದೆ. ಮಧ್ಯಾಹ್ನ ಹನ್ನೆರಡೂಮುಕ್ಕಾಲು. ಬಾಗಿಲಿಗೆ ಚಿಲಕ ಹಾಕಿರಲಿಲ್ಲ. ಒಗ್ಗರಣೆಯ ವಾಸನೆ, ಪುನರ್ಪುಳಿ ಸಾರಿನ ಹುಳಿ ವಾಸನೆ. ಮೇಜಿನ ಹತ್ತಿರ ಕೂತು ಆಂಟಿ ಊಟ ಮಾಡುತ್ತಿದ್ದರು. ಕುಚ್ಚಲಕ್ಕಿ ಅನ್ನ, ಹಬೆಯಾಡುವ ಸಾರು, ಉಪ್ಪಿನಕಾಯಿ. ಅದರಡಿಯಲ್ಲಿ ನೀಲಿ ಗುರಾಣಿ, ಮೂರು ಕಪ್ಪೆಚಿಪ್ಪು. ಪಕ್ಕದಲ್ಲಿ ನನ್ನ ಚೀಟಿ: 10.

ನನ್ನನ್ನು ಕಂಡು ಅವರ ಕೈಯ ತುತ್ತು ಅಲ್ಲೇ ನಿಂತಿತು. "ಅಶ್ವಿನಿಗೆ ಹೇಳ್ಬೇಡ," ಎಂದರು ಮೊದಲು. ಆಮೇಲೆ, "ನಿಂತದ್ದು ಎಂತಕ್ಕೆ? ಕೂತ್ಕೊ. ಅನ್ನ ಉಂಟು."

ವಿಷಯ ಹೀಗಿತ್ತು. ಆಸ್ಪತ್ರೆಯಿಂದ ಬಂದ ಮೇಲೆ, ಕೈ ನಡುಗುತ್ತದೆ, ಬಿದ್ದರೆ ಒಡೆಯುತ್ತದೆ, ಆ ತಟ್ಟೆಗಳನ್ನು ಮುಟ್ಟಲೇಬೇಡ ಎಂದು ಮಗಳು ಹೇಳಿದ್ದಳು. ಸೆಪ್ಟೆಂಬರ್ 30ರಂದು ಇವರು ಒಂದನ್ನು ಇಳಿಸಿ ಅದರಲ್ಲಿ ಉಂಡರು. "ಇಷ್ಟು ವರ್ಷ ಯಾರಿಗೆ ಅಂತ ಎತ್ತಿಟ್ಟದ್ದು? ನಾನು ಹೋದ ಮೇಲೆ ನನ್ನ ತಿಥಿಗಾ?" ಡೇಕೇರಿನಲ್ಲಿ ಇಪ್ಪತ್ತೆರಡು ವರ್ಷ ಉಯ್ಯಾಲೆಗೂ ಟ್ರೈಸಿಕಲ್ಲಿಗೂ ಸರದಿ ಹಚ್ಚಿದವರು. ಇಲ್ಲಿಯೂ ಅದೇ ಪದ್ಧತಿ. ಮೇಲಿನ ಎಡ ಮೂಲೆಯಿಂದ ದಿನಕ್ಕೊಂದು ತೆಗೆಯುವುದು, ಉಂಡು ತೊಳೆದು ಕೊನೆಯಲ್ಲಿ ಇಡುವುದು. ಒಬ್ಬರಿಗೂ ಎರಡು ಸಲ ಇಲ್ಲ, ಒಬ್ಬರಿಗೂ ತಪ್ಪಬಾರದು. ತೊಳೆಯುವ ಕ್ರಮ ಊರಿನದು. ಅರ್ಧ ಗಂಟೆ ಬಿಸಿನೀರಿನಲ್ಲಿ ಸೋಡಾಪುಡಿ ಹಾಕಿ ನೆನೆಸಿ, ತೆಂಗಿನ ನಾರಿನಿಂದ ಉಜ್ಜುವುದು.

ನಾನು 9ರಂದು ಎಚ್ಚರದಿಂದ ನೋಡಿದ ಇಪ್ಪತ್ತೂ, ಅಶ್ವಿನಿ ತೆಗೆದ ನಾಲ್ಕೂ, ಇನ್ನೂ ಸರದಿ ಬಾರದವು. ಉಂಡಾಗಿದ್ದ ಒಂಬತ್ತು ಕೊನೆಯಲ್ಲಿದ್ದವು, ನಾನು ಮುಖ ನೋಡದೆ ತಟ್ಟಿ ಮಾತ್ರ ಕೇಳಿದ ಜಾಗದಲ್ಲಿ.

"ನೀವು ಅವತ್ತೇ ಯಾಕ ತೋರಿಸಲಿಲ್ರಿ?"

ಅವರು ಅನ್ನಕ್ಕೆ ಸಾರು ಕಲಸಿದರು. "ತೋರಿಸಿ, ನೀನು ಇಲ್ಲ ಅಂದಿದ್ರೆ? ನಂಗೇ ಧೈರ್ಯ ಇರ್ಲಿಲ್ಲ ಮಾರಾಯ್ತಿ. ನೀನೇ ಹುಡುಕ್ತಿ ಅಂತ ಕೂತದ್ದು. ಒಂದೊಂದೂ ನೋಡಿದೆ ಅಂದಿ. ಅವತ್ತಿಂದ ನಂಗೆ ನನ್ನ ತಲೆ ಮೇಲೆ ನಂಬಿಕೆ ಹೋಯ್ತು."

ಊಟವಾದ ಮೇಲೆ 10ನೆಯ ತಟ್ಟೆಯನ್ನು ನಾವಿಬ್ಬರೂ ಸೇರಿ ತೊಳೆದೆವು. ಸೋಡಾ ನೀರಿನಲ್ಲಿ ನೆಂದ ಕಪ್ಪು, ಹಾಲಿನ ಕೆನೆಯ ಹಾಗೆ ಅಂಚಿನಲ್ಲಿ ಸುಕ್ಕಾಗಿ ಎದ್ದಿತು. ನಾರು ಒಮ್ಮೆ ಹಾಯಿತು. ಬಿಳಿಯ ಎಳೆ ಕಂಡಿತು, ಆಮೇಲೆ ಕಂದು ಚುಕ್ಕೆ. ಕಾರಣ ಗೊತ್ತಿದ್ದರೂ, ನೀರಿನೊಳಗಿನಿಂದ ಅದು ಕಣ್ಣು ಬಿಟ್ಟ ಕ್ಷಣ ನಾನು ಕೈ ಹಿಂದಕ್ಕೆಳೆದುಕೊಂಡೆ. ಆಂಟಿ ಎಳೆದುಕೊಳ್ಳಲಿಲ್ಲ. "ಬಾ, ಬಾ," ಎಂದರು, ನಿದ್ದೆಯಿಂದೆದ್ದ ಮಗುವಿಗೆ ಹೇಳುವ ಹಾಗೆ.

ಕ್ಯಾಂಟನ್ನಿನ ಆ ಚಿತ್ರಗಾರರು ಶಿರಸ್ತ್ರಾಣವನ್ನು ಎಂದೂ ಕಂಡಿರಲಾರರು. ಕಾಗದದಲ್ಲಿ ಸರಳುಗಳಿದ್ದವು. ಸರಳುಗಳ ಹಿಂದೆ ಒಬ್ಬ ಮನುಷ್ಯ ಇರಲೇಬೇಕು ಎಂದುಕೊಂಡು ತಮಗೆ ಗೊತ್ತಿದ್ದ ಕಣ್ಣುಗಳನ್ನು ಬರೆದರು. ಹೀಗೆಂಬುದು ನನ್ನ ಊಹೆ. ಅವನ್ನು ಮುಚ್ಚಿಸಿದವರು ಯಾರು, ಯಾವಾಗ ಎಂಬುದಕ್ಕೆ ದಾಖಲೆ ಇಲ್ಲ. ಉಣ್ಣುವಾಗ ತಟ್ಟೆಯಿಂದ ಯಾರೋ ನೋಡುವುದನ್ನು ಸಹಿಸಲಾಗದವರಿರಬೇಕು. ತಟ್ಟೆ ಕೊಟ್ಟ ಅಜ್ಜಿ ಹೊರಡುವಾಗ ಒಂದೇ ಮಾತು ಹೇಳಿದ್ದರಂತೆ: ಮಕ್ಕಳ ಮುಂದೆ ಮಾತ್ರ ಇಡಬೇಡ. ಬೆಲೆಬಾಳುವುದು, ಒಡೆದಾವು ಎಂದು ಹೇಳಿದ್ದಿರಬೇಕೆಂದು ಆಂಟಿ ತಿಳಿದಿದ್ದರು.

ಅಂದೇ ಬಟ್ಟೆ ಇಡುವ ಕಿಟಕಿಯಿಲ್ಲದ ಪುಟ್ಟ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಯುವಿ ದೀಪ ಹಿಡಿದೆವು. ಆಂಟಿ ಒಂದೊಂದೇ ಕೊಡುತ್ತ ಹೋದರು. ಕಣ್ಣು ತೆರೆದ ಹತ್ತೊಂಬತ್ತರಲ್ಲಿ ಏನೂ ಹೊಳೆಯಲಿಲ್ಲ. ಉಳಿದವುಗಳಲ್ಲಿ, ಕತ್ತಲೆಯಲ್ಲಿ, ಸರಳುಗಳ ಹಿಂದೆ ಮಂಜು ಕವಿದಂಥ ಒಂದು ತೇಪೆ ಬೆಳಗುತ್ತಿತ್ತು. ಒಂದಾದ ಮೇಲೊಂದು, ಮುಖಗಳಂತೆ. ಇಂಥವು ನಲವತ್ತೊಂದು. 37ನೆಯದು ಮಾತ್ರ ಬೆಳಗಲಿಲ್ಲ. ದೀಪ ಹತ್ತಿರ ತಂದೆ, ದೂರ ಹಿಡಿದೆ. ಅದರ ಕಪ್ಪು ಗಾಜಿನಂತೆ ಹೊಳೆಯುವ ಸುಟ್ಟ ಕಪ್ಪು. ಮೇಲೆ ಬಳಿದದ್ದಲ್ಲ. ಅದನ್ನು ಬರೆದುಕೊಂಡು ಮುಂದೆ ಹೋದೆ.

20ರಂದು ತಿದ್ದುಪಡಿ ವರದಿ ಬರೆದೆ. ಮೊದಲ ವಾಕ್ಯ ಇದು: "ಅಕ್ಟೋಬರ್ 9ರ ಪರೀಕ್ಷೆಯ ವರದಿಯಲ್ಲಿ 21ರಿಂದ 61ರವರೆಗಿನ ಲಾಂಛನದ ವಿವರಗಳು ನಾನು ನೋಡಿ ಬರೆದವಲ್ಲ." ನನ್ನ ಮೇಲಧಿಕಾರಿ ಅದನ್ನು ಎರಡು ಸಲ ಓದಿದರು. ಕೂಗಾಡಲಿಲ್ಲ. ಮುಂದಿನ ಆರು ತಿಂಗಳು ನನ್ನ ಯಾವ ವರದಿಯೂ ಇನ್ನೊಬ್ಬರ ಸಹಿಯಿಲ್ಲದೆ ಹೊರಗೆ ಹೋಗುವುದಿಲ್ಲ ಎಂದರು. ಅಶ್ವಿನಿಗೆ ಈಮೇಲ್ ಮಾಡುವ ಬದಲು ಖುದ್ದಾಗಿ ಕೊಡುತ್ತೇನೆ ಎಂದೆ.

22, ಭಾನುವಾರ. ಅಶ್ವಿನಿ ವರದಿ ಓದುತ್ತ ಓದುತ್ತ ಕೂತಳು. ನಾನು 5ನೆಯ ತಟ್ಟೆಯನ್ನು ಅವಳ ಮುಂದಿಟ್ಟೆ. ಅವಳು ಬಗ್ಗಿದಳು, ತಟ್ಟನೆ ಕುರ್ಚಿ ಹಿಂದೆ ಸರಿಸಿದಳು.

"ಓ ಮೈ ಗಾಡ್. ಅಮ್ಮಾ, ಇಟ್ಸ್ ಲುಕಿಂಗ್ ಅಟ್ ಮೀ."

"ನೋಡ್ಲಿ ಬಿಡು. ನೀನು ಒಳ್ಳೆ ಹುಡುಗಿ ಹೌದಾ ಅಲ್ವಾ ಅಂತ ನೋಡುವುದು ಅದು," ಎಂದರು ಆಂಟಿ. ಮೊದಲ ದಿನದ ನಂತರ ಅವರ ತಮಾಷೆ ಕೇಳಿದ್ದು ಅವತ್ತೇ.

ಅಶ್ವಿನಿಗೆ ನಗು ಬರಲಿಲ್ಲ. ತಾಯಿಯ ನಡುಗುವ ಕೈ ಹಿಡಿದು, ಬರುವಷ್ಟು ಕನ್ನಡದಲ್ಲಿ, "ನಾನು ನಾಕೇ ನೋಡಿದ್ದು, ಅಮ್ಮ," ಎಂದಳು. ನಾನು ಇಪ್ಪತ್ತು ನೋಡಿದ್ದೆ. ಅಷ್ಟೇ ವ್ಯತ್ಯಾಸ.

27ರಂದು ವೈದ್ಯರು ಎರಡೂ ವರದಿ ಓದಿ, ತಟ್ಟೆಯ ಫೋಟೋ ನೋಡಿ, ತಮ್ಮ ಪರೀಕ್ಷೆಗಳನ್ನೂ ಮಾಡಿದರು. ನೆನಪಿಗೆ ತೊಂದರೆಯಿಲ್ಲ, ಕೈಗೆ ಫಿಸಿಯೋಥೆರಪಿ ಸಾಕು ಎಂದರಂತೆ. ಕಾದಿರಿಸಿದ ಕೋಣೆಯನ್ನು ಅಶ್ವಿನಿ ಅಂದೇ ಬಿಟ್ಟುಕೊಟ್ಟಳು. ತಟ್ಟೆಗಳೂ ಗೋದಾಮಿಗೆ ಹೋಗಲಿಲ್ಲ. ಹಳೆಯ ಬಣ್ಣದಲ್ಲಿ ಸೀಸ ಇರಬಹುದು, ಇನ್ನು ಅವುಗಳಲ್ಲಿ ಉಣ್ಣಬೇಡಿ ಎಂದು ನಾನು ಆಂಟಿಗೆ 19ರಂದೇ ಹೇಳಿದ್ದೆ. "ಹಾಗಾದ್ರೆ ಉಳಿದವರ ಸರದಿ?" ಎಂದು ಕೇಳಿದ್ದರು. ಸರಿಯಾದ ಪ್ರಶ್ನೆ. ಉಳಿದ ನಲವತ್ತೊಂದನ್ನು ನಮ್ಮ ಸ್ಟುಡಿಯೋದಲ್ಲಿ ಹತ್ತಿಕಡ್ಡಿ ಮತ್ತು ದ್ರಾವಕದಿಂದ ನಾನೇ ಬಿಡಿಸುತ್ತೇನೆಂದು ಒಪ್ಪಿಕೊಂಡೆ. ಜನವರಿಯಿಂದ ಶನಿವಾರಗಳಂದು ಅವರು ರೈಲಿನಲ್ಲಿ ಬಂದು ಪಕ್ಕದಲ್ಲಿ ಕೂರುತ್ತಿದ್ದರು. ಒಂದೊಂದು ಜೊತೆ ಕಣ್ಣು ತೆರೆದಂತೆ ಬೆರಳು ಮಡಚಿ ಎಣಿಸುತ್ತಿದ್ದರು. ಸಂಜೆ ಮಕ್ಕಳನ್ನು ಮನೆಗೆ ಕಳಿಸುವ ಮುಂಚೆ ಹಾಗೆ ತಲೆ ಎಣಿಸಿ ರೂಢಿಯಂತೆ.

2024ರ ಮಾರ್ಚ್ 16ರಂದು ಕೊನೆಯದು ಮುಗಿಯಿತು. ಅರವತ್ತೊಂದನ್ನೂ ಉದ್ದನೆಯ ಮೇಜಿನ ಮೇಲೆ ಹರಡಿದೆವು. ಅರವತ್ತು ಜೊತೆ ಕಣ್ಣುಗಳು, ಯಾವೆರಡೂ ಒಂದೇ ಅಲ್ಲ. ಆ ಚಿತ್ರಗಾರರ ಕೈಯಲ್ಲಿ ಮೂಲೆ ಹಿಡಿದು ಕೆಳಗೆಳೆಯುವ ಉಪಾಯವಿರಲಿಲ್ಲ. ಪ್ರತಿ ತಟ್ಟೆಗೂ ಮತ್ತೆ ಬಗ್ಗಿ, ಮತ್ತೆ ನೋಡಿ, ಮತ್ತೆ ಬರೆದಿದ್ದರು. ನನ್ನ ವೃತ್ತಿ ನನಗೆ ಕಲಿಸಿದ್ದೂ ಅಷ್ಟೇ. ಒಂದನ್ನು ನೋಡಿದರೆ ಒಂದನ್ನು ಮಾತ್ರ ನೋಡಿದಂತೆ. "ಮೇಲಿನಂತೆ" ಎಂದು ಬರೆದಲ್ಲಿ ಯಾರೋ ಒಬ್ಬರು ಇಲ್ಲದಂತಾಗುತ್ತಾರೆ, ಮೇಜಿನ ಮೇಲಿನ ತಟ್ಟೆಯಲ್ಲಾಗಲಿ, ಪಕ್ಕದ ಕುರ್ಚಿಯಲ್ಲಾಗಲಿ. ಆಮೇಲೆ ನನ್ನ ವರದಿಗಳಲ್ಲಿ ಆ ಪದ ಬಂದಿಲ್ಲ.

ಆಂಟಿ ಸಾಲಿನುದ್ದಕ್ಕೂ ನಡೆಯುತ್ತ ಎಣಿಸಿದರು. 37ರ ಮುಂದೆ ನಿಂತರು. ನಾನೂ ಹೋಗಿ ನಿಂತೆ. ಅದೇ ಗುರಾಣಿ, ಅವೇ ಕಪ್ಪೆಚಿಪ್ಪು, ಐದು ಸರಳು. ಹಿಂದೆ ಸುಟ್ಟ ಕಪ್ಪು. ಐದು ತಿಂಗಳ ಹಿಂದೆ ಆ ಖಾಲಿ ಶಿರಸ್ತ್ರಾಣ ನನಗೆ ಸಹಜವಾಗಿ ಕಂಡಿತ್ತು. ಸುತ್ತಲೂ ಅರವತ್ತು ಜನ ನೋಡುತ್ತಿರುವಾಗ ಅದನ್ನು ದಿಟ್ಟಿಸಲು ಆಗಲಿಲ್ಲ.

"ಎಲ್ಲರೂ ಒಳಗೆ ಇದ್ದಾರೆ," ಎಂದರು ಆಂಟಿ ಮೆಲ್ಲಗೆ. "ಇವನು ಎಲ್ಲಿಗೆ ಹೋದ?"

ಭೂತಗನ್ನಡಿ ಹಿಡಿದು ಇನ್ನೊಮ್ಮೆ ನೋಡಿ, ದಿನಚರಿಯಲ್ಲಿ ಬರೆದೆ: "37. ಖಾಲಿ. ನೋಡಿದ್ದೇನೆ." ಆ ತಟ್ಟೆ ಈಗ ಆಂಟಿಯ ಮನೆಯಲ್ಲಿ ಕಪಾಟಿನ ಹೊರಗಿದೆ, ಒಂದು ಸ್ಟ್ಯಾಂಡಿನ ಮೇಲೆ, ಬಾಗಿಲಿನ ಕಡೆ ಮುಖ ಮಾಡಿ. ಒಂದು ಮಗು ಲೆಕ್ಕಕ್ಕೆ ಸಿಗದಿದ್ದರೆ ಬಾಗಿಲು ಹಾಕುವ ಹಾಗಿಲ್ಲ ಎನ್ನುತ್ತಾರೆ ಅವರು.